ಅಂಡಮಾನ್: ಯಾವ ದ್ವೀಪ ಇರಲಿ, ಯಾವುದು ಬಿಡಲಿ

16 ಫೆಬ್ರವರಿ 2025, ಭಾನುವಾರ
ರಾಯಚೂರು

ಏಪ್ರಿಲ್ ಕೊನೆಗೆ ಮನೆಮಂದಿಯೆಲ್ಲ ಅಂಡಮಾನಿಗೆ ಹೋಗುವ ಯೋಚನೆಯಿದೆ. ಅದರಲ್ಲಿ ಬಾರಾಟಾಂಗ್ ದ್ವೀಪ ಬೇಡ ಅಂತ ಇವತ್ತು ಗಟ್ಟಿಯಾಯಿತು. ಮನೆಯವರಿಗೆ ಅಲ್ಲಿನ ಸುಣ್ಣಕಲ್ಲಿನ ಗುಹೆ, ಕೆಸರು ಉಕ್ಕುವ ಜಾಗ ನೋಡುವ ಆಸೆ ಇತ್ತು. ಆದರೆ ಪ್ರವಾಸಿಗರನ್ನು ಕರೆದೊಯ್ಯುವ ರಸ್ತೆ ಅಲ್ಲಿನ ಮೂಲನಿವಾಸಿಗಳಾದ ಜಾರವಾ ಜನರ ಕಾಡಿನ ನಡುವೆ ಹಾದುಹೋಗುತ್ತದೆ. ಗಾಡಿಗಳೆಲ್ಲ ಬೆಂಗಾವಲಿನಲ್ಲಿ ಸಾಲಾಗಿ ಹೋಗಬೇಕು. ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. 1999ರಲ್ಲಿ ಆ ಜನರಲ್ಲಿ ದಡಾರ ಹರಡಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ಆ ಕಾಡಿನೊಳಗಿನ ರಸ್ತೆ ಮುಚ್ಚಿ ಎಂದಿತ್ತು. ಆದರೂ ಗಾಡಿಗಳು ಓಡುತ್ತಲೇ ಇವೆ. ಇನ್ನೊಬ್ಬರ ಪಡಸಾಲೆಯಲ್ಲಿ ಗಾಡಿ ಓಡಿಸಿದ ಹಾಗಲ್ವಾ ಅದು? ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪಟ್ಟಿಯಲ್ಲಿ ಆ ಹೆಸರಿನ ಮೇಲೆ ತಾವೇ ಗೀಟು ಎಳೆದರು.

ಅದರ ಜೊತೆಗೆ ದಿಗ್ಲಿಪುರವೂ ಹೋಯಿತು. ಉತ್ತರದ ತುದಿ, ರಾಜಧಾನಿ ಪೋರ್ಟ್ ಬ್ಲೇರ್‌ನಿಂದ (ಈಗ ಶ್ರೀ ವಿಜಯಪುರಂ) ಸುಮಾರು 300 ಕಿ.ಮೀ. ದೂರ, ರಸ್ತೆಯೂ ಅದೇ. ಅಲ್ಲಿ ರಾಸ್, ಸ್ಮಿತ್ ಅಂತ ಎರಡು ದ್ವೀಪಗಳಿವೆ. ನೀರು ಇಳಿದಾಗ ನಡುವೆ ಬಿಳಿ ಮರಳಿನ ದಾರಿ ಏಳುತ್ತದೆ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಇದನ್ನು ಬಿಡುವಾಗ ನನಗೆ ನಿಜಕ್ಕೂ ಬೇಜಾರಾಯಿತು.

ಅಂಡಮಾನ್-ನಿಕೋಬಾರ್‌ನಲ್ಲಿ ಐನೂರಕ್ಕೂ ಹೆಚ್ಚು ದ್ವೀಪಗಳಿವೆ. ಜನ ಇರುವುದು 40ಕ್ಕೂ ಕಡಿಮೆ ದ್ವೀಪಗಳಲ್ಲಿ. ನಿಕೋಬಾರ್ ಪ್ರವಾಸಿಗರಿಗೆ ತೆರೆದಿಲ್ಲ. ಇಷ್ಟೆಲ್ಲ ಕಳೆದ ಮೇಲೂ ಉಳಿಯುವುದು ಜಾಸ್ತಿಯೇ. ಏಜೆಂಟರು ಕಳಿಸಿದ ಪಟ್ಟಿಯಲ್ಲಿ ದಿನಕ್ಕೊಂದು ದ್ವೀಪ ಇತ್ತು. ಬೆಳಿಗ್ಗೆ ಏಳು, ಸಾಮಾನು ಕಟ್ಟು, ಹಡಗು ಹತ್ತು, ಇಳಿ, ಮತ್ತೆ ಕಟ್ಟು.

ಆ ಪಟ್ಟಿಯನ್ನು ಅವ್ವನಿಗೆ ಓದಿ ಹೇಳಿದೆ. ಅವ್ವನ ತವರು ಕೃಷ್ಣಾ ನದಿಯ ನಡುಗಡ್ಡೆ. ಮಳೆಗಾಲದಲ್ಲಿ ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆ ಊರಿಗೆ ಊರೇ ನಿಂತುಬಿಡುತ್ತಿತ್ತು. ತೆಪ್ಪ ಹಾಕಲು ಆಗದ ದಿನ ಹೆರಿಗೆ ನೋವು ಬಂದರೂ ಅಷ್ಟೇ, ಹಾವು ಕಚ್ಚಿದರೂ ಅಷ್ಟೇ. ಹಾಗಾಗಿ ಅವ್ವ ಬೀಚಿನ ಬಗ್ಗೆ ಏನೂ ಕೇಳಲಿಲ್ಲ.

"ದಾಟಾಕ ಎಷ್ಟೊತ್ತು ಬೇಕಬೇ? ಕಡೀ ಹಡಗ ಎಷ್ಟಕ್ಕ? ದವಾಖಾನಿ ಎಲ್ಲೈತಿ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಗಳು ನನಗೆ ಯಾವ ವಿಡಿಯೋದಲ್ಲೂ ಸಿಕ್ಕಿರಲಿಲ್ಲ. ಇವತ್ತು ಕೂತು ಮೊದಲು ದಾಟುವ ಹೊತ್ತಿನ ಲೆಕ್ಕ ಹುಡುಕಿದೆ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್ ದ್ವೀಪಕ್ಕೆ ಖಾಸಗಿ ಫೆರಿಯಲ್ಲಿ ಒಂದೂವರೆ ಗಂಟೆಯ ಮೇಲೆ, ಸರ್ಕಾರಿ ಹಡಗಿನಲ್ಲಿ ಇನ್ನೂ ಜಾಸ್ತಿ. ಹ್ಯಾವ್‌ಲಾಕ್‌ನಿಂದ ನೀಲ್ ದ್ವೀಪಕ್ಕೆ ಹೆಚ್ಚೂಕಡಿಮೆ ಒಂದು ಗಂಟೆ. ನೀಲ್‌ನಿಂದ ನೇರವಾಗಿ ಪೋರ್ಟ್ ಬ್ಲೇರ್‌ಗೆ ವಾಪಸ್ ಬರಬಹುದು. ಜೆಟ್ಟಿಗೆ ಬೇಗ ಹೋಗಿ ಕಾಯುವುದನ್ನೂ ಸೇರಿಸಿದರೆ, ದ್ವೀಪ ಬದಲಿಸಿದ ದಿನ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಇನ್ನೊಂದು ವಿಷಯ ಇದೆ. ನಮ್ಮೂರಲ್ಲಿ ಏಪ್ರಿಲ್‌ನಲ್ಲಿ ಆರೂವರೆ ತನಕ ಬೆಳಕಿರುತ್ತದೆ. ಅಲ್ಲಿ ಐದೂವರೆ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಗಡಿಯಾರ ಒಂದೇ, ದ್ವೀಪಗಳು ಮಾತ್ರ ತೀರಾ ಪೂರ್ವಕ್ಕಿವೆ. ಮಧ್ಯಾಹ್ನ ಮೂರಕ್ಕೆ ಇಳಿದರೆ ಅವತ್ತು ನೋಡಲು ಏನೂ ಉಳಿಯುವುದಿಲ್ಲ.

ಅದಕ್ಕೇ ಎರಡೇ ದ್ವೀಪ, ಹ್ಯಾವ್‌ಲಾಕ್ ಮತ್ತು ನೀಲ್. ಲಾಂಗ್ ಐಲ್ಯಾಂಡ್, ಲಿಟಲ್ ಅಂಡಮಾನ್ ಬಿಟ್ಟೆವು. ಅವ್ವನನ್ನು ಕರೆದುಕೊಂಡು ಅಷ್ಟು ದೂರದ ಹಡಗು ಪ್ರಯಾಣ ಬೇಡ.

ಎಲ್ಲರೂ ಹ್ಯಾವ್‌ಲಾಕ್‌ನಲ್ಲಿ ಹೆಚ್ಚು ರಾತ್ರಿ ಇದ್ದು, ನೀಲ್ ದ್ವೀಪವನ್ನು ಮುಟ್ಟಿ ಬರುತ್ತಾರೆ. ನಾವು ಅದನ್ನು ಉಲ್ಟಾ ಮಾಡುತ್ತಿದ್ದೇವೆ. ಹ್ಯಾವ್‌ಲಾಕ್‌ನಲ್ಲಿ ರಾಧಾನಗರ ಬೀಚ್ ಇದೆ. ಪಶ್ಚಿಮಕ್ಕೆ ಮುಖ ಮಾಡಿದೆ, ಒಂದು ಸಂಜೆ ಪೂರ್ತಿ ಅದಕ್ಕೇ. ಮರುದಿನ ಬೆಳಿಗ್ಗೆ ಅಪ್ಪ-ಮಗ ಎಲಿಫೆಂಟ್ ಬೀಚಿಗೆ ಹೋಗಿ ನೀರಲ್ಲಿ ಮುಳುಗಿ ಹವಳ ನೋಡಿ ಬರಲಿ. ಹ್ಯಾವ್‌ಲಾಕ್ ನನಗೆ ಅಷ್ಟು ಸಾಕು.

ನೀಲ್ ಚಿಕ್ಕ ದ್ವೀಪ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಕುಟುಂಬಗಳು ಅಲ್ಲಿ ನೆಲೆಸಿವೆ. ಗದ್ದೆ, ತರಕಾರಿ ತೋಟ ಮಾಡಿಕೊಂಡಿದ್ದಾರೆ, ಪೋರ್ಟ್ ಬ್ಲೇರ್‌ಗೂ ಇಲ್ಲಿನ ತರಕಾರಿ ಹೋಗುತ್ತದೆ. ಸುತ್ತ ನೀರು, ನಡುವೆ ಹೊಲ. ಅವ್ವನಿಗೆ ಇದನ್ನು ಹೇಳಿದಾಗ ಮುಖ ಬೇರೆಯೇ ಆಯಿತು. "ಅಲ್ಲಿ ಎರಡು ದಿನ ಹೆಚ್ಚಿಗಿ ಇರೂಣು" ಅಂದಳು. ಭರತ್‌ಪುರ ಬೀಚಿನಲ್ಲಿ ತಳಕ್ಕೆ ಗಾಜು ಹಾಕಿದ ದೋಣಿಗಳಿವೆ. ಕೂತಲ್ಲೇ ಹವಳ, ಮೀನು ಕಾಣುತ್ತವೆ, ಸೀರೆ ಒದ್ದೆಯಾಗುವುದಿಲ್ಲ. ಸಂಜೆಗೆ ಲಕ್ಷ್ಮಣಪುರ ಬೀಚ್, ಬೆಳಗ್ಗೆಗೆ ಸೀತಾಪುರ ಬೀಚ್.

ನೀಲ್‌ನಲ್ಲಿ ಸಮುದ್ರವೇ ಕೊರೆದ ಕಲ್ಲಿನ ಸೇತುವೆ ಒಂದಿದೆ. ನೀರು ಇಳಿದಾಗ ಮಾತ್ರ ಅದರ ಬುಡದವರೆಗೆ ನಡೆದು ಹೋಗಬಹುದು. ಇದಕ್ಕೆ ಗೋಡೆಯ ಮೇಲಿನ ಕ್ಯಾಲೆಂಡರ್ ಬೇಕಾಯಿತು. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಸಮುದ್ರ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಏಪ್ರಿಲ್ 27 ಅಮಾವಾಸ್ಯೆ, ಮಗನಿಗೂ ಆಗ ಬೇಸಿಗೆ ರಜೆ. ಅಮಾಸಿ ದಿನ ಮನೆ ಬಿಟ್ಟು ಹೊರಡುವುದು ಅವ್ವನಿಗೆ ಒಪ್ಪಿಗೆ ಇಲ್ಲ. ಅದಕ್ಕೂ ಮೊದಲೇ ಹೊರಟು, ಆ ಹೊತ್ತಿಗೆ ನೀಲ್‌ನಲ್ಲಿ ಇರುವುದಕ್ಕೆ ಅಡ್ಡಿಯಿಲ್ಲ ಅಂದಳು. 30ಕ್ಕೆ ಬಸವ ಜಯಂತಿ, ಅಷ್ಟರೊಳಗೆ ಮನೆಯಲ್ಲಿರಬೇಕು.

ಪೋರ್ಟ್ ಬ್ಲೇರ್‌ನಲ್ಲಿ ಸೆಲ್ಯುಲರ್ ಜೈಲಿಗೆ ಅವಸರ ಮಾಡಬಾರದು. 1906ರಲ್ಲಿ ಕಟ್ಟಿ ಮುಗಿಸಿದ್ದು. ಕೋಣೆಗಳ ಏಳು ಸಾಲುಗಳಲ್ಲಿ ಮೂರು ಉಳಿದಿವೆ. 1943ರ ಡಿಸೆಂಬರ್‌ನಲ್ಲಿ ನೇತಾಜಿ ಬಾವುಟ ಹಾರಿಸಿದ್ದು ಇದೇ ಊರಲ್ಲಿ. ಅದರ ನೆನಪಿಗೆ 2018ರಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಅಂತ ಹೆಸರಿಟ್ಟರು. ಮಗ ಇದನ್ನೆಲ್ಲ ಜೈಲಿನ ಅಂಗಳದಲ್ಲೇ ನಿಂತು ಕೇಳಬೇಕು ಅಂತ ನನ್ನ ಆಸೆ.

ಹೈದರಾಬಾದ್‌ವರೆಗೆ ರೈಲು, ಅಲ್ಲಿಂದ ವಿಮಾನ. ಫೆರಿ ಸೀಟು ಖಚಿತವಾಗುವ ತನಕ ಹೋಟೆಲಿಗೆ ದುಡ್ಡು ಕಟ್ಟುವುದಿಲ್ಲ. ಅವ್ವನ ಬಿಪಿ ಮಾತ್ರೆಯನ್ನು ಎರಡು ಚೀಲಗಳಲ್ಲಿ ಹಂಚಿ ಇಡಬೇಕು. ಹಡಗಿನಲ್ಲಿ ವಾಂತಿ ಬಾರದ ಹಾಗೆ ಯಾವ ಮಾತ್ರೆ ಕೊಡಬಹುದು ಅಂತ ಈ ವಾರ ಡಾಕ್ಟರನ್ನು ಕೇಳುತ್ತೇನೆ.