ಮಂತ್ರ ಪುಸ್ತಕದಲ್ಲೇ ಇರುವಾಗ ದೀಕ್ಷೆ ಯಾಕೆ?

ದೀಕ್ಷೆಯ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಇದು: "ಗುರು ಕಿವಿಯಲ್ಲಿ ಉಸುರುವ ಮಂತ್ರ ಪುಸ್ತಕದಲ್ಲಿದೆ, ಯೂಟ್ಯೂಬ್‌ನಲ್ಲಿದೆ. ಅದನ್ನೇ ನೋಡಿಕೊಂಡು ಶುರು ಮಾಡಿದರೆ ಆಗದೇ?" ಜಪಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಅದು ದೀಕ್ಷೆಯಾಗುವುದಿಲ್ಲ. ಯಾಕೆಂದು ಹೇಳಲು ನಮ್ಮ ಮಠಗಳ ವಾದವಿವಾದದಿಂದ ದೂರ ಇರುವ ಒಂದು ಊರಿಗೆ ಹೋಗೋಣ. ಅದು ಪ್ರಾಚೀನ ಗ್ರೀಸಿನ ಎಲ್ಯುಸಿಸ್.

ಅಥೆನ್ಸಿನಿಂದ ಸುಮಾರು 20 ಕಿ.ಮೀ. ದೂರದ ಈ ಊರಲ್ಲಿ ಧಾನ್ಯದೇವತೆ ಡಿಮೀಟರ್ ಮತ್ತು ಅವಳ ಮಗಳು ಪರ್ಸೆಫೊನೆಯ ಹೆಸರಿನಲ್ಲಿ ಹತ್ತಿರ ಹತ್ತಿರ ಸಾವಿರ ವರ್ಷ ದೀಕ್ಷೆ ನಡೆಯಿತು. ಹೆಂಗಸರಿಗೂ ಗುಲಾಮರಿಗೂ ಬಾಗಿಲು ತೆರೆದಿತ್ತು. ಗ್ರೀಕ್ ಮಾತು ಬರಬೇಕು, ಕೈಗೆ ಕೊಲೆಯ ಕಳಂಕ ಅಂಟಿರಬಾರದು, ಅಷ್ಟೇ ಷರತ್ತು. ಒಳಗಿನದನ್ನು ಹೊರಗೆ ಬಯಲು ಮಾಡಿದರೆ ಮಾತ್ರ ಮರಣದಂಡನೆ.

ಮೊದಲ ಹಂತ ವಸಂತದ ಹೊಸ್ತಿಲಲ್ಲಿ, ಅಥೆನ್ಸಿನ ಇಲಿಸೋಸ್ ಹೊಳೆಯ ದಡದಲ್ಲಿ. ಅದಾದ ಮೇಲೆ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ದೊಡ್ಡ ದೀಕ್ಷೆ. "ದೀಕ್ಷಾರ್ಥಿಗಳೇ, ಕಡಲಿಗೆ!" ಎಂಬ ಕೂಗಿನೊಂದಿಗೆ ಎಲ್ಲರೂ ಬಲಿಯ ಹಂದಿಮರಿಯೊಂದನ್ನು ಹಿಡಿದು ಸಮುದ್ರಕ್ಕಿಳಿಯುತ್ತಿದ್ದರು. ತಾವೂ ಮಿಂದು, ಮರಿಯನ್ನೂ ಮೀಯಿಸಬೇಕು. (ಒಮ್ಮೆ ಹೀಗೆ ಮರಿಯನ್ನು ತೊಳೆಯುತ್ತಿದ್ದವನನ್ನು ದೊಡ್ಡ ಮೀನೊಂದು ಅರ್ಧಕ್ಕೆ ಕಚ್ಚಿಕೊಂಡು ಹೋಯಿತೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ.) ಪ್ರತಿಯೊಬ್ಬರ ಜೊತೆಗೂ ಮೊದಲೇ ದೀಕ್ಷೆ ಪಡೆದ ಒಬ್ಬರು ಇರಬೇಕಿತ್ತು, ಕೈಹಿಡಿದು ನಡೆಸಲು.

ಮುಂದೆ ಎಲ್ಯುಸಿಸ್‌ವರೆಗೆ ಕಾಲ್ನಡಿಗೆ. ದಾರಿಯಲ್ಲಿ ಸಿಗುವ ಸೇತುವೆಯ ಬಳಿ ಊರಿನ ಗಣ್ಯರಿಗೂ ಬಿಡದೆ ಬೈಗುಳದ ಸುರಿಮಳೆ, ನಮ್ಮ ಹೋಳಿಹಬ್ಬದ ಹಾಗೆ. ಉಪವಾಸ ಮುರಿಯುವುದು ಕೈಕಿಯೋನ್ ಕುಡಿದು: ನೀರು, ಬಾರ್ಲಿ ತರಿ, ಪುದೀನದ ಜಾತಿಯ ಒಂದು ಸೊಪ್ಪು. ಬಾರ್ಲಿಗೆ ತಗಲಿದ ಶಿಲೀಂಧ್ರದಿಂದ ಅದು ಮತ್ತೇರಿಸುತ್ತಿತ್ತು ಎಂಬ ವಾದ 1978ರಿಂದ ಓಡಾಡುತ್ತಿದೆ. ನನಗೆ ಅದರ ಅಗತ್ಯ ಕಾಣುವುದಿಲ್ಲ. ಹಸಿದ ಹೊಟ್ಟೆಯಲ್ಲಿ 20 ಕಿ.ಮೀ. ನಡೆದು, 42 ಕಂಬಗಳ ಕತ್ತಲ ಸಭಾಂಗಣದಲ್ಲಿ ಸಾವಿರಾರು ಜನರ ನಡುವೆ ನಿಂತವನಿಗೆ ಒಮ್ಮೆಲೇ ಬೆಳಕು ಹರಿದರೆ ಮೈ ನಡುಗಲು ಬೇರೆ ಮದ್ದು ಬೇಕೇ?

ಅಲ್ಲಿನ ಮುಖ್ಯ ಅರ್ಚಕನ ಪದವಿಯ ಹೆಸರು ಹೈರೋಫ್ಯಾಂಟ್. ಪವಿತ್ರವಾದುದನ್ನು ತೋರಿಸುವವನು ಎಂದು ಅದರ ಅರ್ಥ, ಕಲಿಸುವವನು ಎಂದಲ್ಲ. ಕ್ಲೆಮೆಂಟ್ ಎಂಬ ಕ್ರೈಸ್ತ ಲೇಖಕ ದಾಖಲಿಸಿರುವ ಅಲ್ಲಿಯ ಸಂಕೇತವಾಕ್ಯವನ್ನೇ ನೋಡಿ: ಉಪವಾಸವಿದ್ದೆ, ಕೈಕಿಯೋನ್ ಕುಡಿದೆ, ಪೆಟ್ಟಿಗೆಯಿಂದ ತೆಗೆದೆ, ಮಾಡಬೇಕಾದ್ದು ಮಾಡಿ ಬುಟ್ಟಿಯಲ್ಲಿಟ್ಟೆ, ಬುಟ್ಟಿಯಿಂದ ಮತ್ತೆ ಪೆಟ್ಟಿಗೆಗೆ ಹಾಕಿದೆ. 'ತಿಳಿದುಕೊಂಡೆ' ಎಂಬ ಕ್ರಿಯಾಪದ ಒಂದೂ ಇಲ್ಲ. ದೀಕ್ಷೆಗೆ ಬಂದವರು ಏನನ್ನೋ ಕಲಿಯಬೇಕಾಗಿಲ್ಲ, ಅನುಭವಕ್ಕೆ ಒಳಗಾಗಬೇಕು ಎಂದು ಅರಿಸ್ಟಾಟಲ್ ಹೇಳಿದ್ದು ಇದನ್ನೇ.

ಕ್ರಿ.ಪೂ. 200ರಲ್ಲಿ ಗ್ರೀಸಿನ ಪಶ್ಚಿಮದ ಅಕಾರ್ನೇನಿಯ ಸೀಮೆಯ ಇಬ್ಬರು ಹುಡುಗರು ಏನೂ ಅರಿಯದೆ ಜನರ ಗುಂಪಿನೊಂದಿಗೆ ಗುಡಿಯ ಒಳಗೆ ಹೊಕ್ಕರು. ಎಲ್ಲರೊಂದಿಗೆ ಒಳಗಿದ್ದರೂ ಅಸಂಬದ್ಧ ಪ್ರಶ್ನೆ ಕೇಳಿ ಸಿಕ್ಕಿಬಿದ್ದರು, ಪ್ರಾಣ ಕಳೆದುಕೊಂಡರು ಎನ್ನುತ್ತಾನೆ ರೋಮನ್ ಇತಿಹಾಸಕಾರ ಲಿವಿ. ಸಿದ್ಧತೆಯ ಹಂತ ದಾಟದವನಿಗೆ ಕಣ್ಣೆದುರಿನದೂ ದಕ್ಕುವುದಿಲ್ಲ. ಕ್ರಿ.ಪೂ. 415ರಲ್ಲಿ ಅಥೆನ್ಸಿನ ರಾಜಕಾರಣಿ ಆಲ್ಸಿಬಯಡಿಸ್ ಮೇಲೆ ಬಂದ ಆರೋಪವೂ ಗಮನಿಸುವಂಥದ್ದು: ಯಾರದೋ ಮನೆಯಲ್ಲಿ ಹೈರೋಫ್ಯಾಂಟನ ವೇಷ ಹಾಕಿ ದೀಕ್ಷೆಯನ್ನು ಅಣಕವಾಡಿದ ಎಂದು. ವೇಷ, ವಿಧಿ ಎರಡನ್ನೂ ನಕಲು ಮಾಡಿದರೂ ಅದು ಅಣಕವೇ, ದೀಕ್ಷೆಯಲ್ಲ.

ಇನ್ನು ಗುಟ್ಟು. ಅದು ಎಂದೋ ಬಯಲಾಗಿದೆ. ಮೂರನೇ ಶತಮಾನದ ಕ್ರೈಸ್ತ ಲೇಖಕ ಹಿಪ್ಪೊಲಿಟಸ್ ಪ್ರಕಾರ ಕೊನೆಗೆ ಮೌನದಲ್ಲಿ ತೋರಿಸುತ್ತಿದ್ದದ್ದು ಕೊಯ್ದ ಒಂದು ತೆನೆ. ಈಗ ನಿಮಗೂ ಗೊತ್ತಾಯಿತು. ಏನಾದರೂ ಆಯಿತೇ?

ಇಲ್ಲಿಂದ ನಮ್ಮ ಲಿಂಗದೀಕ್ಷೆಗೆ ಬಂದರೆ ಅದರಲ್ಲಿ ಮೂರು ಭಾಗ: ತಲೆಯ ಮೇಲೆ ಗುರುವಿನ ಹಸ್ತ ಬರುವ ವೇಧಾದೀಕ್ಷೆ, ಕಿವಿಯಲ್ಲಿ ಮಂತ್ರದೀಕ್ಷೆ, ಅಂಗೈಗೆ ಇಷ್ಟಲಿಂಗ ಬರುವ ಕ್ರಿಯಾದೀಕ್ಷೆ. ಮೂರರಲ್ಲಿ ಕಿವಿಗೆ ಬೀಳುವುದು ಒಂದೇ. ಅದೂ ನಾಡಿನ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವ ಪಂಚಾಕ್ಷರಿ! ಪುಸ್ತಕದಲ್ಲಿ ಸಿಗುವುದು ಆ ಒಂದು ಭಾಗ ಮಾತ್ರ.

ಇದರ ಬೆನ್ನಿಗೇ ಬರುವ ಪ್ರಶ್ನೆ, ನನಗೆ ನಾನೇ ದೀಕ್ಷೆ ಕೊಟ್ಟುಕೊಳ್ಳಬಹುದೇ? ಇದನ್ನು ಹೆಚ್ಚು ಕೇಳುವವರು ವಿಕ್ಕಾದ ಕಡೆಗೆ ಒಲವಿರುವವರು. 1950ರ ದಶಕದಲ್ಲಿ ಜೆರಾಲ್ಡ್ ಗಾರ್ಡ್ನರ್ ಇಂಗ್ಲೆಂಡಿನಲ್ಲಿ ಬೆಳಕಿಗೆ ತಂದ ಪೇಗನ್ ಪಂಥ ಅದು, ಅಂದರೆ ಕ್ರೈಸ್ತ ಧರ್ಮಕ್ಕೂ ಹಿಂದಿನ ದೇವತಾರಾಧನೆಯ ಜಾಡು ಹಿಡಿದದ್ದು. ಗಾರ್ಡ್ನರ್ ಪರಂಪರೆಯ ಉತ್ತರ ಖಡಾಖಂಡಿತ: ಆಗದು. ಅಲ್ಲಿ ಮೂರು ಮೆಟ್ಟಿಲು. ಮೊದಲನೆಯದಕ್ಕೇ ಸಾಮಾನ್ಯವಾಗಿ ಒಂದು ವರ್ಷ ಒಂದು ದಿನ ಕಾಯಿಸುತ್ತಾರೆ. ಕಣ್ಣಿಗೆ ಪಟ್ಟಿ, ಕೈಗೆ ಹಗ್ಗ ಕಟ್ಟಿ, ವಿಧಿ ನಡೆಯುವ ವೃತ್ತದ ಅಂಚಿಗೆ ತರುತ್ತಾರೆ, ದಾರದಿಂದ ಮೈಯ ಅಳತೆ ತೆಗೆಯುತ್ತಾರೆ. ಗಂಡಸಿಗೆ ಹೆಂಗಸು, ಹೆಂಗಸಿಗೆ ಗಂಡಸು ದೀಕ್ಷೆ ಕೊಡುವುದು ವಾಡಿಕೆ. ಕಣ್ಣು ಕಟ್ಟಿಸಿಕೊಂಡವನು ತನ್ನನ್ನು ತಾನೇ ನಡೆಸಲಾರ, ಮುಂದೇನೆಂದು ಗೊತ್ತಿದ್ದವನು ಬೆಚ್ಚಲಾರ. ಒಂಟಿಯಾಗಿ ಮಾಡಹೋದರೆ ಕೈಕೊಡುವುದು ಇಲ್ಲೇ. ಹಾಗಿದ್ದೂ ಗಾರ್ಡ್ನರ್ ಜೊತೆಗಿದ್ದ ಡೊರೀನ್ ವ್ಯಾಲಿಯೆಂಟ್ 1978ರಲ್ಲಿ ಒಬ್ಬರೇ ಮಾಡಿಕೊಳ್ಳುವ ವಿಧಿಯನ್ನು ಪ್ರಕಟಿಸಿದರು, ಅನೇಕರು ಅದನ್ನೇ ಅನುಸರಿಸುತ್ತಾರೆ. ನಾನು ಅದನ್ನು ಸಂಕಲ್ಪ ಎನ್ನುತ್ತೇನೆ. ದೇವರೆದುರು ಮಾತು ಕೊಡಲು ಮಧ್ಯಸ್ಥರು ಬೇಕಿಲ್ಲ. ಪರಂಪರೆಯೊಂದರ ಒಳಗೆ ಸೇರಬೇಕಾದರೆ ಅದರ ಒಳಗಿರುವವರೇ ಬಾಗಿಲು ತೆರೆಯಬೇಕು.

ಖರ್ಚಿನ ಬಗ್ಗೆಯೂ ಕೇಳುತ್ತಾರೆ. ಎಲ್ಯುಸಿಸ್‌ನಲ್ಲಿ ಅರ್ಚಕರಿಗೆ ಶುಲ್ಕ ಕೊಡಬೇಕಿತ್ತು. ಗಾರ್ಡ್ನರ್ ಪರಂಪರೆಯಲ್ಲಿ ದೀಕ್ಷೆಗೆ ಹಣ ತೆಗೆದುಕೊಳ್ಳುವಂತಿಲ್ಲ. ಅದರ ಹೆಸರು ಹೇಳಿಕೊಂಡು ಆನ್‌ಲೈನ್‌ನಲ್ಲಿ ಮೂರೂ ಮೆಟ್ಟಿಲನ್ನು ಒಂದೇ ವಾರಾಂತ್ಯಕ್ಕೆ ಮಾರುವವರು ಕಂಡರೆ, ನಿಮಗೆ ದೀಕ್ಷೆ ಕೊಡುವವರಿಗೆ ದೀಕ್ಷೆ ಕೊಟ್ಟವರು ಯಾರೆಂದು ಮೊದಲು ಕೇಳಿ.