ಡ್ರೈವರ್ ಜೇಬಿನಿಂದ ಡಾಕ್‌ಗೆ

ಒಂದೇ ವ್ಯಾನು, ಮೂರ್ನಾಲ್ಕು ಡ್ರೈವರ್‌ಗಳು. ಹತ್ತಿ ಕೂತರೆ ಮ್ಯಾಪ್‌ನಲ್ಲಿ ಹಿಂದಿನವರದೇ ರೂಟು, ಬ್ಲೂಟೂತ್‌ನಲ್ಲಿ ಅವರದೇ ಫೋನು. ಬೇಜಾರಾಗುತ್ತೆ ಅಲ್ವಾ? ಅದಕ್ಕೇ ನಾನು ವಿನ್ಯಾಸ ಮಾಡುತ್ತಿರುವ, ದಾರಿ ತೋರಿಸುವ ಪುಟ್ಟ ಸಾಧನ ವ್ಯಾನಿನದಲ್ಲ, ಡ್ರೈವರದು. ಡಾಕ್‌ಗೆ, ಅಂದರೆ ವ್ಯಾನಿನಲ್ಲಿ ಅದನ್ನು ಕೂರಿಸುವ ಸ್ಟ್ಯಾಂಡಿಗೆ, ಸಿಕ್ಕಿಸಿದರೆ ಅವರ ರೂಟು, ಭಾಷೆ, ಅಕ್ಷರದ ಗಾತ್ರ ತೆರೆದುಕೊಳ್ಳಬೇಕು. ತೆಗೆದರೆ ವ್ಯಾನಿನಲ್ಲಿ ಅವರ ಮಾಹಿತಿ ಏನೂ ಉಳಿಯಬಾರದು.

ಜಾಸ್ತಿ ತಲೆ ಕೆಡಿಸಿದ್ದು ಡಾಕ್. ಡೆಲಿವರಿಗೆ ಇಳಿದಾಗಲೆಲ್ಲ ಹಾಕಿ ತೆಗೆದರೆ ಯುಎಸ್‌ಬಿ ಕಿಂಡಿ ಸವೆಯುತ್ತದೆ, ಧೂಳು ಬೇರೆ ಸೇರುತ್ತದೆ. ಹಾಗಾಗಿ ಕಿಂಡಿಗೆ ತೂರಿಸದೆ ಬರೀ ತಾಗಿದರೆ ಸಾಕಾಗುವ, ಸ್ಪ್ರಿಂಗ್ ಇರುವ ಪೋಗೋ ಪಿನ್ ಆರಿಸಿದೆ. ಆಯಸ್ಕಾಂತ ಸಾಧನವನ್ನು ಸರಿಯಾದ ಜಾಗಕ್ಕೆ ಎಳೆಯುತ್ತದೆ. ಆದರೆ ಗಾಡಿ ಗುಂಡಿಗೆ ಇಳಿದಾಗ ಅದೊಂದೇ ಸಾಲದು, ಕೆಳಗೊಂದು ಕೊಕ್ಕೆ ಬೇಕೇ ಬೇಕು. ಆ ಕೊಕ್ಕೆ ಗ್ಲೌಸ್ ಹಾಕಿದ ಒಂದೇ ಕೈಗೆ ಬಿಚ್ಚಬೇಕು. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡ್ ಲಿಥಿಯಂ ಬ್ಯಾಟರಿಗೆ ಆಗಲ್ಲ, ಅದಕ್ಕೆ ಡಾಕ್‌ನ್ನು ಎಸಿ ಗಾಳಿ ಬರುವ ಕಡೆ ಇಳಿಸಿದ್ದೇನೆ.