ಬಾಡಿ ಕಟ್ಟಿದ್ದಾಯ್ತು, ಬಿಸಿಗಾಳಿ ಹೋಗೋದೆಲ್ಲಿ?

ಏಪ್ರಿಲ್‌ನಲ್ಲಿ ಬಾಗಲಕೋಟೆಯ ಪತ್ರಾ ಕೆಲಸದವರು ಬೆಳಿಗ್ಗೆ ಬೇಗ ಸುತ್ತಿಗೆ ಹಿಡಿಯುತ್ತಾರೆ. ಹನ್ನೊಂದು ದಾಟಿತೆಂದರೆ ಬಿಸಿಲಿಗಿಟ್ಟ ಶೀಟನ್ನು ಬರಿಗೈಯಲ್ಲಿ ಮುಟ್ಟಲು ಆಗುವುದಿಲ್ಲ. ನನ್ನ ಹಾಟ್ ರಾಡ್‌ಗೆ ಬಾಡಿ ಕೂತಿದ್ದು ಇಂಥ ದಿನಗಳಲ್ಲೇ, ನವನಗರದ ಹೊರಗಿನ ಒಂದು ಶೆಡ್‌ನಲ್ಲಿ. ಪಕ್ಕದಲ್ಲೇ ಕಬ್ಬಿನ ಟ್ರಾಲಿ ರಿಪೇರಿ ನಡೆಯುತ್ತಿತ್ತು, ಆ ಸದ್ದಿನಲ್ಲಿ ನಮ್ಮ ಸದ್ದು ಯಾರಿಗೂ ಕೇಳಿಸುತ್ತಿರಲಿಲ್ಲ.

ಹಾಟ್ ರಾಡ್ ಅಂದರೆ ಹಳೆಯ ಕಾರಿನಿಂದ ಬೇಡದ್ದೆಲ್ಲ ಕಳಚಿ, ಜೋರಾದ ಇಂಜಿನ್ ಕೂರಿಸಿದ ಗಾಡಿ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಒಣಗಿದ ಕೆರೆಗಳ ಮೇಲೆ ಇಂಥವನ್ನು ಓಡಿಸುತ್ತಿದ್ದರು, ಆಮೇಲೆ 1932ರ ಫೋರ್ಡ್ ಇವರೆಲ್ಲರ ಮನೆದೇವರಾಯಿತು. ನಮ್ಮೂರಲ್ಲಿ ಆ ಫೋರ್ಡ್ ಎಲ್ಲಿಂದ ತರೋದು? ಸಿಕ್ಕರೂ ಅದಕ್ಕೆ ಗ್ರೈಂಡರ್ ಹಚ್ಚುವ ಧೈರ್ಯ ನನಗಂತೂ ಇಲ್ಲ. ಹಾಗಾಗಿ ಅಂಬಾಸಿಡರ್‌ನಲ್ಲಿ ಬರುತ್ತಿದ್ದ 1817 ಸಿಸಿ ಇಸುಝು ಪೆಟ್ರೋಲ್ ಇಂಜಿನ್ ಹುಡುಕಿ ತಂದು, ಚೌಕ ಪೈಪಿನಲ್ಲಿ ಚಾಸಿ ಕಟ್ಟಿ, ಅದರ ಮೇಲೆ ಆ ಕಾಲದ ಚೆಹರೆಯ ಬಾಡಿ. ಇದು ರಸ್ತೆಗೆ ಇಳಿಯುವ ಗಾಡಿ ಅಲ್ಲ. ಕಂಪನಿ ಕೊಟ್ಟ ಮೂಲ ರೂಪವನ್ನು ಹೀಗೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಗೆಳೆಯನ ಮನೆಯವರ ಖಾಲಿ ಲೇಔಟ್ ಇದೆ, ಅದರೊಳಗೇ ನಮ್ಮ ಓಡಾಟ.

ಬಾಡಿಗೆ 18 ಗೇಜಿನ ಶೀಟು, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪ. ಟಿಂಕರಿಂಗ್ ಮಾಡಿದ ಚಾಚಾ ಮೊದಲು ಲಾರಿ ಬಾಡಿ ಕಟ್ಟುತ್ತಿದ್ದವರು. ಅವರು ವೆಲ್ಡಿಂಗ್ ಮಾಡುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಇಲ್ಲೊಂದು ಚುಕ್ಕಿ, ಗೇಣು ದೂರ ಬಿಟ್ಟು ಅಲ್ಲೊಂದು ಚುಕ್ಕಿ, ಆಮೇಲೆ ಬೀಡಿ. ಒಂದೇ ಉಸಿರಿಗೆ ಉದ್ದಕ್ಕೂ ವೆಲ್ಡಿಂಗ್ ಎಳೆದರೆ ಕಾದ ಕಬ್ಬಿಣ ತಣಿಯುವಾಗ ಕುಗ್ಗಿ, ಅಕ್ಕಪಕ್ಕದ ಶೀಟನ್ನೆಲ್ಲ ತನ್ನತ್ತ ಎಳೆದುಕೊಂಡು ಅಲೆ ಅಲೆಯಾಗಿಸುತ್ತದೆ. ಹಾಗೆ ಕುಗ್ಗಿದ ಕಡೆ ಹಿಂದೆ ಡಾಲಿ, ಅಂದರೆ ಅಂಗೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ, ಹಿಡಿದು ಮುಂದಿನಿಂದ ಬಡಿದು ಹಿಗ್ಗಿಸಬೇಕು. ಜಾಸ್ತಿ ಹಿಗ್ಗಿತೋ, ಬೆರಳಿಂದ ಒತ್ತಿದರೆ ಟಕ್ ಅಂತ ಒಳಗೆ, ಬಿಟ್ಟರೆ ಟಕ್ ಅಂತ ಹೊರಗೆ. ಆಗ ಆ ಜಾಗವನ್ನು ಕೆಂಪಗೆ ಕಾಯಿಸಿ ಒದ್ದೆ ಬಟ್ಟೆ ಒತ್ತಿ ಮತ್ತೆ ಕುಗ್ಗಿಸಬೇಕು. ಪುಟ್ಟಿ ಮೆತ್ತಿ ಮುಚ್ಚಿಬಿಡಿ ಅಂದವರಿಗೆ ಚಾಚಾ ಉತ್ತರವನ್ನೇ ಕೊಡಲಿಲ್ಲ.

ಬಾನೆಟ್ ಮತ್ತು ಅದರ ಪಕ್ಕದ ಪತ್ರಾಗಳನ್ನು ಮುಚ್ಚಿ ಓಡಿಸಿದ ದಿನ ಅಸಲಿ ಸಂಗತಿ ಗೊತ್ತಾಯಿತು. ಬಾಡಿ ಇಲ್ಲದಾಗ ತೆಪ್ಪಗಿದ್ದ ಟೆಂಪರೇಚರ್ ಮುಳ್ಳು ಏರುತ್ತಾ ಹೋಯಿತು. ಪೆಡಲ್ ಮೇಲಿಟ್ಟ ಕಾಲು ಚಪ್ಪಲಿ ಸಮೇತ ಸುಡತೊಡಗಿತು. ದೊಡ್ಡ ರೇಡಿಯೇಟರ್ ಹಾಕು, ಇನ್ನೊಂದು ಫ್ಯಾನ್ ಹಾಕು ಅಂತ ಶೆಡ್‌ಗೆ ಬಂದವರೆಲ್ಲ ಸಲಹೆ ಕೊಟ್ಟರು. ಚಾಚಾ ಮಾತ್ರ ಬಾನೆಟ್ ಸುತ್ತ ಒಂದು ಸುತ್ತು ಬಂದು, "ಗಾಳಿ ಒಳಗ ಬರಾಕ ಇಷ್ಟು ದೊಡ್ಡ ಬಾಯಿ ಬಿಟ್ಟೀರಿ, ಹೊರಗ ಹೋಗಾಕ ದಾರಿ ಎಲ್ಲೈತ್ರಿ? ಮನ್ಯಾಗ ಕೂಲರ್ ಹಚ್ಚಿ ಕಿಟಕಿ ಮುಚ್ಚಿದ್ರ ತಂಪಾಗತೈತೇನ್ರಿ?" ಅಂದರು.

ಸರಿ, ದಾರಿ ಎಲ್ಲಿ ಕೊಡೋದು? ಬಾನೆಟ್‌ನ ಹಿಂದಿನ ಅಂಚನ್ನು, ಗಾಜಿನ ಬುಡದಲ್ಲಿ, ಒಂದಿಂಚು ಎತ್ತಿಬಿಡು ಅಂದ ಗೆಳೆಯ. ತುಂಬಾ ಜನ ಹಾಗೆ ಮಾಡುತ್ತಾರೆ, ನಿಂತ ಗಾಡಿಯಲ್ಲಿ ಅದು ಕೆಲಸವನ್ನೂ ಮಾಡುತ್ತದೆ, ಬಿಸಿ ಮೇಲೇರುತ್ತದಲ್ವಾ. ಆದರೆ ಓಡುವಾಗ? ಪತ್ರಾ ಕತ್ತರಿಸುವ ಮೊದಲು ನೋಡಿಬಿಡೋಣ ಅಂತ ಪರಿಚಯದ ನೇಕಾರರ ಮನೆಯಿಂದ ಇಳಕಲ್ ಸೀರೆಯ ತುಂಡು ನೂಲು ತಂದೆ. ಬೆರಳುದ್ದ ಕತ್ತರಿಸಿ, ಬಾನೆಟ್ ಮೇಲೆ, ಪಕ್ಕಗಳಲ್ಲಿ, ಗಾಜಿನ ಬುಡದಲ್ಲಿ ಟೇಪ್‌ನಿಂದ ಅಂಟಿಸಿದೆವು. ಗೆಳೆಯ ಬೈಕಿನಲ್ಲಿ ಪಕ್ಕದಲ್ಲೇ ಬಂದ, ಹಿಂದೆ ಕೂತವನು ಮೊಬೈಲಿನಲ್ಲಿ ವಿಡಿಯೋ ತೆಗೆದ. ಪಕ್ಕದ ನೂಲುಗಳು ನೆಟ್ಟಗೆ ಹಿಂದಕ್ಕೆ ಮಲಗಿದ್ದವು. ಗಾಜಿನ ಬುಡದವು ಮಾತ್ರ ದಿಕ್ಕುತಪ್ಪಿ ಕುಣಿಯುತ್ತಿದ್ದವು, ಕೆಲವು ಮುಂದಕ್ಕೇ ತಿರುಗಿದ್ದವು! ಓಡುವ ಗಾಳಿ ಗಾಜಿಗೆ ಗುದ್ದಿ ಅಲ್ಲಿ ಒತ್ತಡ ಕಟ್ಟುತ್ತದೆ. ಅಲ್ಲಿ ಬಾಯಿ ತೆರೆದರೆ ಬಿಸಿಗಾಳಿ ಹೊರಗೆ ಹೋಗುವುದಿರಲಿ, ಹೊರಗಿನ ಗಾಳಿಯೇ ಇಂಜಿನ್ ಮೇಲೆ ನುಗ್ಗುತ್ತದೆ.

ಅದೇ ಜಾಗ ಡ್ರೈವರ್‌ಗೆ ಗಾಳಿ ಕೊಡಲು ಹೇಳಿ ಮಾಡಿಸಿದ್ದು. 1932ರ ಫೋರ್ಡ್‌ನಲ್ಲೂ ಗಾಜಿನ ಮುಂದೆ, ಕೌಲ್ ಮೇಲೆ, ಅಂದರೆ ಬಾನೆಟ್‌ಗೂ ಗಾಜಿಗೂ ನಡುವಿನ ಪತ್ರಾ ಮೇಲೆ, ಗಾಳಿಗೆ ತೆರೆಯುವ ಒಂದು ಸಣ್ಣ ಮುಚ್ಚಳ ಇತ್ತು. ಅದರ ಬಾನೆಟ್ ಪಕ್ಕಗಳಲ್ಲಿ ಸಾಲು ಸಾಲು ಲೂವರ್, ಅಂದರೆ ರೆಪ್ಪೆ ಎತ್ತಿದಂಥ ಗಾಳಿ ಸೀಳುಗಳು. ನಾನು ಅದನ್ನು ಸುಮ್ನೆ ಅಲಂಕಾರ ಅಂದುಕೊಂಡಿರಲಿಲ್ಲ, ಆದರೆ ಆ ನೂಲು ಕುಣಿಯುವುದನ್ನು ನೋಡಿದ ಮೇಲೆ ಆ ಕಾಲದವರ ಮೇಲೆ ಗೌರವ ಇನ್ನೂ ಹೆಚ್ಚಾಯಿತು.

ಲೂವರ್ ಒತ್ತಲು ಡೈ, ಅಂದರೆ ಅಚ್ಚು, ಬೇಕು. ಅದು ಸಿಕ್ಕಿದ್ದು ಕೂಲರ್ ಬಾಡಿ ಮಾಡುವ ವರ್ಕ್‌ಶಾಪ್‌ನಲ್ಲಿ. ಒಂದೇ ಏಟಿಗೆ ಪತ್ರಾ ಒಂದು ಕಡೆ ಸೀಳಿ, ಇನ್ನೊಂದು ಕಡೆ ರೆಪ್ಪೆ ಎತ್ತಿಕೊಳ್ಳುತ್ತದೆ, ತುಂಡು ಉದುರುವುದಿಲ್ಲ. ಅವರ ಡೈ ಕೂಲರ್‌ನ ತೆಳು ಜಿಐ ಶೀಟಿಗೆ ಮಾಡಿದ್ದು, ನಮ್ಮ 18 ಗೇಜಿಗೆ ತಡೆಯಲ್ಲ ಅಂದರು. ಬಾನೆಟ್ ಪಕ್ಕಗಳನ್ನಷ್ಟೇ ಇನ್ನೂ ತೆಳುವಾದ 20 ಗೇಜಿನಲ್ಲಿ ಮತ್ತೆ ಕತ್ತರಿಸಿದೆವು. ಲೂವರ್ ಬಾಯಿ ಹಿಂದಕ್ಕೆ ಇರಬೇಕು, ಹರಿಯುವ ಗಾಳಿ ಒಳಗಿನದನ್ನು ಎಳೆದುಕೊಂಡು ಹೋಗುವಂತೆ. ಕೂಲರ್‌ನವರು ಅಭ್ಯಾಸಬಲದಿಂದ ಬಾಯಿ ಕೆಳಗೆ ಮಾಡಲು ಹೊರಟಿದ್ದರು, ಸೀಮೆಸುಣ್ಣದಲ್ಲಿ ಬಾಣ ಬರೆದು ಪಕ್ಕದಲ್ಲೇ ನಿಂತೆ. ಸಾಲು ಮುಗಿಯುವಷ್ಟರಲ್ಲಿ ಪತ್ರಾ ಬಿಲ್ಲಿನಂತೆ ಬಾಗಿತ್ತು. ಚಾಚಾ ಅಂಚು ಮಡಚಿ ನೇರ ಮಾಡಿದರು.

ಅವತ್ತು ಸಂಜೆ ಓಡಿಸಿದಾಗ ಮುಳ್ಳು ಮಧ್ಯದಲ್ಲೇ ನಿಂತಿತು. ಕಾಲಿನ ಬಿಸಿ ಮಾತ್ರ ಪೂರ್ತಿ ಹೋಗಲಿಲ್ಲ. ತೆರೆದ ಗಾಡಿಯಲ್ಲಿ ಗಾಜಿನ ಹಿಂದೆ ಒತ್ತಡ ಕಡಿಮೆ, ಹಾಗಾಗಿ ಇಂಜಿನ್‌ಗೂ ಡ್ರೈವರ್‌ಗೂ ನಡುವಿನ ಗೋಡೆಯಾದ ಫೈರ್‌ವಾಲ್‌ನ ಪ್ರತಿ ತೂತಿನಿಂದಲೂ ಇಂಜಿನ್ ಬಿಸಿ ಒಳಗೆ ಬರುತ್ತದೆ. ವೈರಿನ ತೂತಿಗೆ ರಬ್ಬರ್ ಗ್ರೋಮೆಟ್, ಸ್ಟೇರಿಂಗ್ ರಾಡ್ ಸುತ್ತ ರಬ್ಬರ್ ಬೂಟ್ ಹಾಕಿದೆವು. ಸೈಲೆನ್ಸರ್ ಬಾಯನ್ನು ಬಾಡಿಯ ಆಚೆಗೇ ಎಳೆದೆವು. ಹೊಗೆ ಹಿಂದಿನಿಂದ ಸುತ್ತಿ ಒಳಗೆ ಬರುವುದೂ ಉಂಟು, ಅದರಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಕೌಲ್ ಮುಚ್ಚಳ ಇನ್ನೂ ಬಾಕಿ. ಚೌಕ ಕತ್ತರಿಸಿ ಹಿಂಜ್ ಕೂರಿಸುವುದು ಸುಲಭ. ಸುತ್ತ ಕಾಲುವೆ ಮಾಡಿ ಎರಡೂ ಮೂಲೆಗೆ ಪೈಪ್ ಇಡದಿದ್ದರೆ ಮೊದಲ ಮಳೆಗೇ ನೀರು ಮೊಣಕಾಲ ಮೇಲೆ ಬೀಳುತ್ತದೆ. ಚಾಚಾ ಈಗ ಊರಲ್ಲಿ ಮಗಳ ಮದುವೆ ಓಡಾಟದಲ್ಲಿದ್ದಾರೆ, ಜೂನ್ ಒಳಗೆ ಮಾಡಿಕೊಡುತ್ತೇನೆ ಅಂದಿದ್ದಾರೆ.